ಯಾವ ಎಚ್ ಒನ್?

2009ರ ಸೆಪ್ಟೆಂಬರ್. ರಾತ್ರಿ ಊಟ ಮುಗಿಸಿ ಮಲಗುವ ಹೊತ್ತಿಗೆ ಹೊಸನಗರ ಕಡೆಯ ಒಂದು ಮನೆಗೆ ಅಮೆರಿಕದಿಂದ ಫೋನ್ ಬಂತು. ಮಾತಾಡಿದವನು ಹಿರಿಯ ಮಗ. ನಾರ್ತ್ ಕೆರೊಲಿನಾದ ರಾಲಿಯಲ್ಲಿ ಎಂ.ಎಸ್. ಮುಗಿಸಿ, ಪಕ್ಕದ ರಿಸರ್ಚ್ ಟ್ರಯಾಂಗಲ್ ಪಾರ್ಕಿನ ಒಂದು ಕಂಪನಿಗೆ ಸೇರಿದ್ದ. ‘ಅಮ್ಮಾ, ಎಚ್ ಒನ್ ಬಂತು!’ ಎಂದ. ಮಳೆಗಾಲದ ಲೈನು, ಅಷ್ಟಕ್ಕೇ ಕಡಿದುಹೋಯಿತು. ಆ ತಿಂಗಳು ಟಿ.ವಿ. ಹಾಕಿದರೆ ಸಾಕು, ಮೂಗಿಗೆ ಮಾಸ್ಕ್ ಕಟ್ಟಿದವರ ಚಿತ್ರ. ಪುಣೆಯಲ್ಲಿ ಸಾವು, ಬೆಂಗಳೂರಿನಲ್ಲಿ ಸಾವು, ಎಚ್1ಎನ್1. ತಾಯಿ ಫೋನ್ ಹಿಡಿದುಕೊಂಡೇ ಅಳಲು ಕೂತರು. ಪಕ್ಕದ ಮನೆಯವರು ಬಂದರು, ದೇವರಿಗೆ ಹರಕೆ ಕಟ್ಟಿದ್ದೂ ಆಯಿತು. ಮತ್ತೆ ಫೋನ್ ಸಿಕ್ಕಿದ್ದು ಮರುದಿನ ಬೆಳಿಗ್ಗೆ. ಮಗನಿಗೆ ಬಂದದ್ದು ಜ್ವರವಲ್ಲ, ವೀಸಾ ಎಂದು ಆಗ ತಿಳಿಯಿತು.

ಈ ಕಥೆಯನ್ನು ನಮಗೆ ಹೇಳಿದವನು ಆ ಮನೆಯ ಕಿರಿಯ ಮಗ. ಅಣ್ಣ ಅಮೆರಿಕಕ್ಕೆ ಹೋದರೆ ತಮ್ಮ ಗಲ್ಫಿಗೆ ಬಂದ. ಎ.ಸಿ. ಡಕ್ಟ್ ಕೂರಿಸುವ ಕೆಲಸ, ದಿನವಿಡೀ ಸ್ಕ್ಯಾಫೋಲ್ಡಿಂಗ್ ಮೇಲೆ. ನಮ್ಮ ಆಸ್ಪತ್ರೆಯ ಫಾರ್ಮಸಿ ಕಿಟಕಿಗೆ ಆತ ಬಂದದ್ದು ನಗಿಸುವುದಕ್ಕಲ್ಲ. ಮುಖ ಬಿಳಿಚಿತ್ತು, ಎರಡು ಸಲ ವಾಂತಿಯಾಗಿತ್ತು, ತಲೆ ತಿರುಗುತ್ತಿತ್ತು. ವೈದ್ಯರು ನೋಡಿ, ‘ಊರಿನಿಂದ ತಂದ ಅಲರ್ಜಿ ಮಾತ್ರೆ ತಗೊಂಡಿದ್ದಾನಂತೆ, ಯಾವುದು ಅಂತ ನೋಡಿ’ ಎಂದು ನಮ್ಮ ಕಡೆ ಕಳಿಸಿದ್ದರು. ಜೇಬಿನಿಂದ ಮಡಚಿದ ಸ್ಟ್ರಿಪ್ ತೆಗೆದು ಕೊಟ್ಟ. ನೋಡಿದವರೇ ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅದು ಟ್ರಮಡಾಲ್ ಮತ್ತು ಪ್ಯಾರಾಸಿಟಮಾಲ್ ಸೇರಿದ ಮಾತ್ರೆ. ಬೆನ್ನಿನ ಆಪರೇಷನ್ ಆದ ತಂದೆಗೆ ಬರೆದುಕೊಟ್ಟಿದ್ದು, ಉಳಿದದ್ದು.

ಇದನ್ನು ಅಲರ್ಜಿ ಮಾತ್ರೆ ಅಂತ ಯಾರು ಹೇಳಿದರು ಎಂದು ಕೇಳಿದೆವು. ಆತ ಸ್ಟ್ರಿಪ್ಪಿನ ಹಿಂದಿನ ಕೆಂಪು ಚೌಕವನ್ನು ತೋರಿಸಿದ. ಅಲ್ಲಿ ಇಂಗ್ಲಿಷಿನಲ್ಲಿ ‘ಷೆಡ್ಯೂಲ್ ಎಚ್1 ಡ್ರಗ್’ ಎಂದಿತ್ತು. ಅದಕ್ಕೆ ಮೂರು ದಿನದ ಹಿಂದೆ ಮೈ ತುರಿಕೆ ತಡೆಯಲಾರದೆ ಅಣ್ಣನಿಗೆ ಮೆಸೇಜು ಹಾಕಿದ್ದನಂತೆ. ಅಣ್ಣ ಬರೆದಿದ್ದ: ಯಾವುದಾದರೂ ಎಚ್ ಒನ್ ಬ್ಲಾಕರ್ ತಗೋ, ಸಾಕು. ತಮ್ಮ ಪೆಟ್ಟಿಗೆ ತಡಕಾಡಿದ. ಎಚ್ ಒನ್ ಎಂದು ಬರೆದ ಮಾತ್ರೆಯೇ ಸಿಕ್ಕಿತು! ಓದು ಬಲ್ಲವನು, ಓದಿಯೇ ತಗೊಂಡಿದ್ದ. ಅದನ್ನು ನುಂಗಿ ಐದನೇ ಮಹಡಿಯ ಎತ್ತರದ ಹಲಗೆ ಮೇಲೆ ನಿಂತಿದ್ದ ಎಂಬುದನ್ನು ನೆನೆದರೆ ನಮಗೆ ಇವತ್ತಿಗೂ ಕೈ ತಣ್ಣಗಾಗುತ್ತದೆ.

ಒಂದೇ ಮನೆಯಲ್ಲಿ ಮೂರು ಎಚ್ ಒನ್. ಅದಕ್ಕೇ ಈ ಅಕ್ಷರ-ಸಂಖ್ಯೆಯ ಜೋಡಿಯ ಬೆನ್ನು ಹತ್ತಿ ನೋಡೋಣ ಅನ್ನಿಸಿತು. ನೋಡುತ್ತಾ ಹೋದರೆ ಇವೆಲ್ಲದರ ದಾರಿ ಒಂದಲ್ಲ ಒಂದು ಕಡೆ ಆ ಅಣ್ಣನ ಊರನ್ನೇ, ರಿಸರ್ಚ್ ಟ್ರಯಾಂಗಲ್ ಪಾರ್ಕನ್ನೇ, ಮುಟ್ಟಿಕೊಂಡು ಹೋಗುತ್ತದೆ.

ಮೊದಲು ತುರಿಕೆಯ ಎಚ್ ಒನ್. ಇಲ್ಲಿ ಎಚ್ ಎಂದರೆ ಹಿಸ್ಟಮಿನ್. ನಮ್ಮ ಮೈಯೊಳಗೇ ಇರುವ ವಸ್ತು ಇದು. ಧೂಳು, ಸೀಗಡಿ, ಜೇನುಹುಳದ ಕಡಿತ, ಯಾವುದೋ ಒಂದು ಮೈಗೆ ಒಗ್ಗದಿದ್ದಾಗ ಕೆಲವು ಜೀವಕೋಶಗಳು ಹಿಸ್ಟಮಿನ್ ಸುರಿಯುತ್ತವೆ. ಅದು ಹೋಗಿ ಕೂರುವ ಜಾಗಕ್ಕೆ ರಿಸೆಪ್ಟರ್ ಎನ್ನುತ್ತಾರೆ. ಹಿಸ್ಟಮಿನ್ ಕೀಲಿಕೈ, ರಿಸೆಪ್ಟರ್ ಬೀಗ ಎಂದುಕೊಳ್ಳಿ. ಬೀಗ ತೆರೆದರೆ ಚರ್ಮ ಕೆಂಪಾಗುತ್ತದೆ, ಗಂದೆ ಏಳುತ್ತದೆ, ಮೂಗು ಸೋರುತ್ತದೆ. 1937ರಲ್ಲೇ ಡೇನಿಯಲ್ ಬೋವೆ ಎಂಬವರು ಪ್ಯಾರಿಸ್ಸಿನಲ್ಲಿ ಈ ಬೀಗಕ್ಕೆ ಅಡ್ಡ ಬರುವ ಮೊದಲ ವಸ್ತುವನ್ನು ಕಂಡಿದ್ದರು. 1957ರಲ್ಲಿ ಅವರಿಗೆ ನೊಬೆಲ್ ಬಂತು. ಆದರೆ ಒಂದು ಒಗಟು ಉಳಿದಿತ್ತು. ಆ ಮಾತ್ರೆಗಳು ತುರಿಕೆ ನಿಲ್ಲಿಸುತ್ತಿದ್ದವು, ಹೊಟ್ಟೆಯ ಆಮ್ಲವನ್ನು ಮಾತ್ರ ನಿಲ್ಲಿಸುತ್ತಿರಲಿಲ್ಲ, ಹೊಟ್ಟೆಯಲ್ಲಿ ಆಮ್ಲ ಸುರಿಸುವುದೂ ಅದೇ ಹಿಸ್ಟಮಿನ್ ಆಗಿದ್ದರೂ. ಹಾಗಾದರೆ ಬೀಗ ಒಂದಲ್ಲ. 1966ರಲ್ಲಿ ಆ್ಯಶ್ ಮತ್ತು ಶಿಲ್ಡ್ ಎಂಬ ಇಬ್ಬರು ವಿಜ್ಞಾನಿಗಳು ಹಳೆಯ ಮಾತ್ರೆಗಳಿಗೆ ಬಗ್ಗುವ ಬೀಗಕ್ಕೆ ಎಚ್1 ಎಂದು ಹೆಸರಿಟ್ಟರು. ಬಗ್ಗದ ಇನ್ನೊಂದನ್ನು ಜೇಮ್ಸ್ ಬ್ಲ್ಯಾಕ್ ಅವರ ತಂಡ 1972ರಲ್ಲಿ ತೋರಿಸಿಕೊಟ್ಟಿತು, ಅದು ಎಚ್2. ಈಗ ಎಚ್3, ಎಚ್4 ತನಕ ಬಂದಿದೆ. ಅಂದರೆ ಇಲ್ಲಿನ ಒಂದು, ಎರಡು ಎನ್ನುವುದು ಪತ್ತೆಯಾದ ಸರದಿಯಷ್ಟೇ. ಎಚ್2 ಮಾತ್ರೆ ಎಚ್1ಕ್ಕಿಂತ ‘ಎರಡು ಪಟ್ಟು ಸ್ಟ್ರಾಂಗ್’ ಎಂದು ಕೇಳಿಕೊಂಡು ಬರುವವರು ಈಗಲೂ ಇದ್ದಾರೆ. ಹಾಗಿಲ್ಲ.

ಈಗ ರಿಸರ್ಚ್ ಟ್ರಯಾಂಗಲ್ ಪಾರ್ಕಿಗೆ ಬರೋಣ. ಹೆಸರಿನಲ್ಲಿರುವ ತ್ರಿಕೋನದ ಮೂರು ಮೂಲೆಗಳು ಮೂರು ವಿಶ್ವವಿದ್ಯಾಲಯಗಳು: ಡರ್ಹಮ್‌ನ ಡ್ಯೂಕ್, ಚಾಪೆಲ್ ಹಿಲ್‌ನ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯ, ರಾಲಿಯ ನಾರ್ತ್ ಕೆರೊಲಿನಾ ಸ್ಟೇಟ್. ನಡುವೆ ಇದ್ದದ್ದು ಪೈನ್ ಮರದ ಕಾಡು, ಸವಕಲು ಜಮೀನು. ಆ ಸೀಮೆ ಬದುಕಿದ್ದು ತಂಬಾಕಿನ ಮೇಲೆ. ಡರ್ಹಮ್ ಎಂದರೆ ಸಿಗರೇಟಿನ ಊರು. ಓದಿದ ಮಕ್ಕಳೆಲ್ಲ ಕೆಲಸ ಹುಡುಕಿ ಹೊರಗೆ ಹೋಗುತ್ತಿದ್ದರು. ನಮ್ಮ ಕರಾವಳಿ, ಮಲೆನಾಡಿನ ಹಾಡೇ. 1959ರಲ್ಲಿ ಗವರ್ನರ್ ಲೂಥರ್ ಹಾಜಸ್ ಅವರ ಕಾಲದಲ್ಲಿ ಈ ಪಾರ್ಕು ಶುರುವಾಯಿತು. 1965ರಲ್ಲಿ ಐಬಿಎಂ ಬಂತು. ಅದಾದ ಮೇಲೆ ತಂಬಾಕಿನ ಸೀಮೆಯ ನಡುವೆ ಔಷಧದ ಸೀಮೆ ಬೆಳೆಯಿತು.

1970ರಲ್ಲಿ ನ್ಯೂಯಾರ್ಕ್ ಕಡೆಯಿಂದ ಅಲ್ಲಿಗೆ ಬಂದ ಕಂಪನಿ ಬರೋಸ್ ವೆಲ್ಕಮ್. ಆ್ಯಕ್ಟಿಫೆಡ್ ಎಂಬ ನೆಗಡಿ ಔಷಧದ ಹೆಸರು ಗಲ್ಫಿನಲ್ಲಿ ಕೇಳದವರು ಕಡಿಮೆ. ಅದು ಈ ಕಂಪನಿಯದೇ. ಅದರೊಳಗಿನ ಟ್ರಿಪ್ರೊಲಿಡಿನ್ ಅಪ್ಪಟ ಎಚ್1 ಬ್ಲಾಕರ್. ಜೊತೆಗಿರುವ ಸ್ಯೂಡೊಎಫೆಡ್ರಿನ್ ಮೂಗು ಕಟ್ಟಿದ್ದನ್ನು ಬಿಡಿಸುತ್ತದೆ. ಅದನ್ನು ದುರುಪಯೋಗ ಮಾಡಿ ಮಾದಕ ವಸ್ತು ತಯಾರಿಸುವವರು ಹುಟ್ಟಿಕೊಂಡಿದ್ದರಿಂದ ಅಮೆರಿಕದಲ್ಲಿ ಈಗ ಅದನ್ನು ಕೌಂಟರಿನ ಹಿಂದಿಟ್ಟು, ಹೆಸರು ಬರೆಸಿಕೊಂಡು ಕೊಡುತ್ತಾರೆ.

ಇದೇ ಕಂಪನಿಯಲ್ಲಿ ಗರ್ಟ್ರೂಡ್ ಎಲಿಯನ್ ಎಂಬ ಮಹಿಳೆ ಕೆಲಸ ಮಾಡುತ್ತಿದ್ದರು. 1944ರಲ್ಲಿ ಸೇರಿದವರು. ರಕ್ತದ ಕ್ಯಾನ್ಸರಿಗೆ 6-ಮರ್ಕ್ಯಾಪ್ಟೊಪ್ಯೂರಿನ್, ಕಸಿ ಮಾಡಿದ ಕಿಡ್ನಿ ಉಳಿಯಲು ಅಜಾಥಯೊಪ್ರಿನ್, ಸರ್ಪಸುತ್ತಿಗೆ ನಾವು ದಿನಾ ಕೊಡುವ ಅಸೈಕ್ಲೊವಿರ್, ಎಲ್ಲದರ ಹಿಂದೆ ಅವರಿದ್ದಾರೆ. ಅಸೈಕ್ಲೊವಿರ್‌ಗೆ ಹೆಸರಿಡುವ ಮುಂಚೆ ಪ್ರಯೋಗಾಲಯದಲ್ಲಿ ಕರೆಯುತ್ತಿದ್ದದ್ದು 248ಯು ಎಂದು. ಅದೂ ಒಂದು ಅಂಕಿ, ಒಂದು ಅಕ್ಷರ! ಎಲಿಯನ್ ಅವರಿಗೆ ಪಿಎಚ್.ಡಿ. ಇರಲಿಲ್ಲ. ಡಿಪ್ಲೊಮಾದಲ್ಲೇ ನಿಂತ ನಮ್ಮಂಥವರಿಗೆ ಇದನ್ನು ಹೇಳುವಾಗ ಸ್ವಲ್ಪ ಎದೆಯುಬ್ಬುವುದು ಸಹಜ, ಕ್ಷಮಿಸಿ. 1988ರ ವೈದ್ಯಕೀಯ ನೊಬೆಲ್ ಮೂವರಿಗೆ ಹಂಚಿಕೆಯಾಯಿತು: ಎಲಿಯನ್, ಅವರ ಸಹೋದ್ಯೋಗಿ ಜಾರ್ಜ್ ಹಿಚಿಂಗ್ಸ್, ಮತ್ತು ಎಚ್2 ಬೀಗವನ್ನು ತೋರಿಸಿಕೊಟ್ಟ ಅದೇ ಜೇಮ್ಸ್ ಬ್ಲ್ಯಾಕ್.

ಬ್ಲ್ಯಾಕ್ ಇದ್ದದ್ದು ಇಂಗ್ಲೆಂಡಿನಲ್ಲಿ. ಅವರ ದಾರಿ ಹಿಡಿದು ಗ್ಲ್ಯಾಕ್ಸೊ ಕಂಪನಿ ರ‍್ಯಾನಿಟಿಡಿನ್ ಎಂಬ ಎಚ್2 ಬ್ಲಾಕರ್ ತಂದಿತು. ಊರಿನಲ್ಲಿ ರ‍್ಯಾಂಟ್ಯಾಕ್, ಜಿನೆಟ್ಯಾಕ್ ಎಂದು ಬೆಳಿಗ್ಗೆ ಎದ್ದ ಕೂಡಲೇ ನುಂಗುತ್ತಿದ್ದೆವಲ್ಲ, ಅದೇ. ಅಮೆರಿಕದಲ್ಲಿ ಜ್ಯಾಂಟ್ಯಾಕ್ ಎಂಬ ಹೆಸರಿನಲ್ಲಿ 1983ರಲ್ಲಿ ಒಪ್ಪಿಗೆ ಪಡೆಯಿತು. ಅದೇ ವರ್ಷ ಗ್ಲ್ಯಾಕ್ಸೊದ ಅಮೆರಿಕದ ಕೇಂದ್ರ ರಿಸರ್ಚ್ ಟ್ರಯಾಂಗಲ್ ಪಾರ್ಕಿಗೆ ಬಂತು. ಜಗತ್ತಿನಲ್ಲಿ ಅತಿ ಹೆಚ್ಚು ಮಾರಾಟವಾಗುವ ಔಷಧವಾಗಿ ಬೆಳೆದ ಆ ಮಾತ್ರೆಯನ್ನು, ಎನ್‌ಡಿಎಂಎ ಎಂಬ ಕಲ್ಮಶದ ಕಾರಣಕ್ಕೆ, 2020ರ ಏಪ್ರಿಲ್‌ನಲ್ಲಿ ಮಾರುಕಟ್ಟೆಯಿಂದ ಹಿಂತೆಗೆಯಲು ಅಮೆರಿಕದ ಔಷಧ ಇಲಾಖೆ ಹೇಳಿತು. 1995ರಲ್ಲಿ ಗ್ಲ್ಯಾಕ್ಸೊ ಮತ್ತು ವೆಲ್ಕಮ್ ಒಂದಾದವು. ಎಚ್1 ಮಾರುತ್ತಿದ್ದ ಮನೆ, ಎಚ್2 ಮಾರುತ್ತಿದ್ದ ಮನೆ, ಒಂದೇ ಕಾಡಿನ ಎರಡು ನೆರೆಮನೆಗಳು ಬೀಗರಾದ ಹಾಗೆ.

ಬಳಕೆಯ ಮಾತು ಒಂದಿಷ್ಟು ಇಲ್ಲೇ ಹೇಳಿಬಿಡುತ್ತೇವೆ. ಎಚ್1 ಬ್ಲಾಕರ್‌ಗಳಲ್ಲಿ ಹಳೆಯವು, ಹೊಸವು ಎಂದು ಎರಡು ತಲೆಮಾರು. ಕ್ಲೋರ್‌ಫೆನಿರಮೈನ್, ಡೈಫೆನ್‌ಹೈಡ್ರಮೈನ್, ಆ್ಯಕ್ಟಿಫೆಡ್‌ನ ಟ್ರಿಪ್ರೊಲಿಡಿನ್ ಹಳೆಯವು. ಇವು ಮಿದುಳಿಗೂ ಹೋಗುತ್ತವೆ, ನಿದ್ದೆ ತರಿಸುತ್ತವೆ. ಅದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಇನ್ನೊಂದಿದೆ: ಇವು ಬಾಯಿ ಒಣಗಿಸುವ ಹಾಗೆಯೇ ಬೆವರನ್ನೂ ಕಡಿಮೆ ಮಾಡುತ್ತವೆ. ಊರಿನಲ್ಲಿ ಅದು ದೊಡ್ಡ ವಿಷಯವಲ್ಲ. ಇಲ್ಲಿ ಜುಲೈ ತಿಂಗಳ ಬಿಸಿಲಿನಲ್ಲಿ ಬೆವರೇ ನಮ್ಮ ಎ.ಸಿ. ಎಮಿರೇಟ್ಸ್‌ನಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರ ತನಕ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಬಿಸಿಲಿನ ಕೆಲಸ ನಿಲ್ಲಿಸುವ ನಿಯಮ ಸುಮ್ಮನೆ ಬಂದಿಲ್ಲ. ಅಂಥ ಹೊತ್ತಿನಲ್ಲಿ ನೆಗಡಿಗೆಂದು ಹಳೆಯ ಮಾತ್ರೆ ನುಂಗಿ ಸೈಟಿಗೆ ಹೋಗುವುದು ಮೈಯ ಎ.ಸಿ.ಯ ಸ್ವಿಚ್ಚಿಗೆ ನಾವೇ ಕೈಹಾಕಿದಂತೆ. ಸೆಟಿರಿಜಿನ್ ಎಷ್ಟೋ ವಾಸಿ, ಆದರೂ ಕೆಲವರಿಗೆ ಮಂಪರು ಬರುತ್ತದೆ; ಲೊರಾಟಡಿನ್, ಫೆಕ್ಸೊಫೆನಡಿನ್ ಇನ್ನೂ ಹಗುರ. ಕ್ರೇನ್, ಟ್ರೇಲರ್ ಓಡಿಸುವವರು ಫಾರ್ಮಸಿಯಲ್ಲಿ ಬಾಯಿಬಿಟ್ಟು ‘ನಾನು ಡ್ರೈವರ್’ ಎಂದು ಹೇಳಬೇಕು. ಉಸಿರು ಕಟ್ಟಿದರೆ, ನಾಲಗೆ, ಗಂಟಲು ಊದಿದರೆ ಈ ಮಾತ್ರೆಗಳನ್ನು ನಂಬಿ ಕೂರಬೇಡಿ. ಅದಕ್ಕೆ ಬೇಕಾದದ್ದು ಅಡ್ರಿನಲಿನ್ ಇಂಜೆಕ್ಷನ್, ಕೂಡಲೇ ಎಮರ್ಜೆನ್ಸಿಗೆ ಹೋಗಬೇಕು.

ಇನ್ನು ಆ ಕೆಂಪು ಚೌಕದ ಎಚ್ ಒನ್. ಇದಕ್ಕೂ ಹಿಸ್ಟಮಿನ್‌ಗೂ ಎಳ್ಳಷ್ಟೂ ನಂಟಿಲ್ಲ.

ಡಿ.ಫಾರ್ಮ. ಓದುವಾಗ ಡ್ರಗ್ಸ್ ರೂಲ್ಸ್ 1945ರ ಷೆಡ್ಯೂಲುಗಳನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿದ್ದೆವು. ಷೆಡ್ಯೂಲ್ ಎಂದರೆ ಕಾನೂನಿನ ಬಾಲಕ್ಕೆ ಕಟ್ಟಿದ ಪಟ್ಟಿ. ಎ, ಬಿ, ಸಿ ಎಂದು ಸಾಲಾಗಿ ಹೋಗುತ್ತವೆ. ಜಿ ಎಂದರೆ ವೈದ್ಯರ ಉಸ್ತುವಾರಿಯಲ್ಲಿ ತೆಗೆದುಕೊಳ್ಳಬೇಕಾದವು. ಎಚ್ ಎಂದರೆ ಚೀಟಿ ಇಲ್ಲದೆ ಮಾರಬಾರದವು. ಜಿ ಆದ ಮೇಲೆ ಎಚ್ ಬರುತ್ತದೆ, ಅಕ್ಷರಕ್ಕೆ ಅದಕ್ಕಿಂತ ಬೇರೆ ಅರ್ಥವಿಲ್ಲ. ಎಚ್ ಪಟ್ಟಿಯ ಔಷಧಗಳನ್ನು ಚೀಟಿ ಇಲ್ಲದೆ ಕೊಡಬಾರದು ಎಂಬುದು ಕಾಗದದ ಮೇಲಿತ್ತು. ಅಂಗಡಿಯಲ್ಲಿ ಏನು ನಡೆಯುತ್ತಿತ್ತು ಎಂಬುದು ನಮಗೂ ಗೊತ್ತು, ನಿಮಗೂ ಗೊತ್ತು. ‘ಜ್ವರಕ್ಕೆ ಎರಡು ಆ್ಯಂಟಿಬಯೋಟಿಕ್ ಕೊಡಿ’ ಎಂದರೆ ಎರಡೇ ಕತ್ತರಿಸಿ ಕೊಡುತ್ತಿದ್ದರು. 2010ರಲ್ಲಿ ಎನ್‌ಡಿಎಂ-1 ಎಂಬ ಸುದ್ದಿ ಬಂದದ್ದು ಕೆಲವರಿಗೆ ನೆನಪಿರಬಹುದು; ದೊಡ್ಡ ದೊಡ್ಡ ಆ್ಯಂಟಿಬಯೋಟಿಕ್‌ಗಳಿಗೂ ಬಗ್ಗದ ಬ್ಯಾಕ್ಟೀರಿಯಾದ ವಿಷಯ, ಹೆಸರಿನಲ್ಲೇ ನವದೆಹಲಿ. ಆಮೇಲೆ 2013ರ ಆಗಸ್ಟ್ 30ರಂದು ಎಚ್‌ನ ಪಕ್ಕ ಹೊಸದಾಗಿ ಎಚ್1 ಎಂಬ ಪಟ್ಟಿ ಹುಟ್ಟಿತು. 2014ರ ಮಾರ್ಚ್ 1ರಿಂದ ಜಾರಿ. ಆರಂಭದಲ್ಲಿ ಅದರಲ್ಲಿ 46 ಔಷಧಗಳು.

ಆ 46ರಲ್ಲಿ ಯಾರ‍್ಯಾರು ಕೂತಿದ್ದಾರೆ ನೋಡಿ. ಸೆಫಿಕ್ಸಿಮ್, ಲಿವೊಫ್ಲಾಕ್ಸಸಿನ್, ಮೆರೊಪೆನೆಮ್‌ನಂಥ ಆ್ಯಂಟಿಬಯೋಟಿಕ್‌ಗಳು. ರಿಫಾಂಪಿಸಿನ್, ಐಸೊನಿಯಜಿಡ್‌ನಂಥ ಕ್ಷಯದ ಔಷಧಗಳು. ಮತ್ತೆ ಮೂರನೆಯ ಗುಂಪು: ಆಲ್‌ಪ್ರಜೊಲಾಮ್, ಡಯಾಜೆಪಾಮ್, ಜೊಲ್ಪಿಡೆಮ್, ಕೊಡೀನ್, ಟ್ರಮಡಾಲ್. ನಿದ್ದೆ ತರಿಸುವವು, ನೋವು ಮರೆಸುವವು, ಚಟ ಹಿಡಿಸಬಲ್ಲವು. ಇವನ್ನು ಮಾರಿದರೆ ಅಂಗಡಿಯವನು ಬೇರೆ ರಿಜಿಸ್ಟರಿನಲ್ಲಿ ವೈದ್ಯರ ಹೆಸರು, ರೋಗಿಯ ಹೆಸರು, ಔಷಧ, ಎಷ್ಟು ಎಂಬುದನ್ನು ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಪೊಟ್ಟಣದ ಮೇಲೆ ಕೆಂಪು ಅಕ್ಷರದಲ್ಲಿ ಆರ್‌ಎಕ್ಸ್, ಕೆಂಪು ಅಂಚಿನ ಚೌಕದಲ್ಲಿ ಎಚ್ಚರಿಕೆ. 2018ರಲ್ಲಿ ಟ್ರಮಡಾಲನ್ನು ಭಾರತ ಸರ್ಕಾರ ಮಾದಕ ವಸ್ತುಗಳ ಕಾನೂನಿನ ಕೆಳಗೂ ತಂದಿತು. ಅಂಥವುಗಳ ಮೇಲೆ ಆರ್‌ಎಕ್ಸ್ ಮುಂದೆ ಒಂದು ಎನ್ ಇರುತ್ತದೆ. ಆ ಒಂದು ಅಕ್ಷರ ಗಲ್ಫಿಗೆ ಬರುವ ನಮಗೆ ಎಲ್ಲಕ್ಕಿಂತ ಮುಖ್ಯವಾದ ಅಕ್ಷರ, ಆದರೆ ಅದನ್ನು ನೋಡುವವರನ್ನೇ ನಾವು ಕಂಡಿಲ್ಲ.

ತಮಾಷೆ ಏನೆಂದರೆ, ನಿಜವಾದ ಎಚ್1 ಬ್ಲಾಕರ್‌ಗಳು, ಆ ಹಳೆಯ ತಲೆಮಾರಿನ ಅಲರ್ಜಿ ಮಾತ್ರೆಗಳು, ಭಾರತದ ಕಾನೂನಿನಲ್ಲಿ ಇರುವುದು ಷೆಡ್ಯೂಲ್ ಜಿ ಯಲ್ಲಿ. ಎಚ್1ಕ್ಕೆ ಕೊಡುವ ಮಾತ್ರೆ ಜಿ ಪಟ್ಟಿಯಲ್ಲಿ. ಎಚ್1 ಪಟ್ಟಿಯಲ್ಲಿ ಇರುವ ಯಾವುದಕ್ಕೂ ಎಚ್1 ಬೀಗದ ಕೆಲಸವೇ ಇಲ್ಲ. ನಮ್ಮ ಹುಡುಗ ಎಡವಿದ್ದರಲ್ಲಿ ಆಶ್ಚರ್ಯವೇನು?

ಎಡವಿದ್ದು ಎರಡು ಕಡೆ. ಟ್ರಮಡಾಲ್ ಮೊದಲ ಸಲ ತಗೊಂಡವರಿಗೆ ವಾಂತಿ, ತಲೆಸುತ್ತು, ಮಂಪರು ಸಾಮಾನ್ಯ. ಕೆಲವರಿಗೆ ಫಿಟ್ಸ್ ಬರುವುದೂ ಉಂಟು. ಅದು ಒಂದು ಕಡೆ. ಇನ್ನೊಂದು ಕಡೆ ಕಾನೂನು. ಗಲ್ಫ್ ದೇಶಗಳಲ್ಲಿ ಟ್ರಮಡಾಲ್, ಕೊಡೀನ್, ಆಲ್‌ಪ್ರಜೊಲಾಮ್, ಡಯಾಜೆಪಾಮ್ ಎಲ್ಲ ನಿಯಂತ್ರಿತ ಔಷಧಗಳು. ಊರಿನ ಅಂಗಡಿಯಲ್ಲಿ ಹತ್ತು ರೂಪಾಯಿ ಹೆಚ್ಚು ಕೊಟ್ಟರೆ ಸಿಗುವ ಸ್ಟ್ರಿಪ್ ಇಲ್ಲಿನ ಏರ್‌ಪೋರ್ಟಿನಲ್ಲಿ ಮಾದಕ ವಸ್ತುವಿನ ಕೇಸಾಗಬಹುದು. ‘ನನಗೆ ಗೊತ್ತಿರಲಿಲ್ಲ’ ಎಂಬುದು ಅಲ್ಲಿ ಉತ್ತರವಲ್ಲ. ‘ಅಪ್ಪನದು’ ಎಂದರೆ ಇನ್ನೂ ಕಷ್ಟ, ಬೇರೆಯವರ ಚೀಟಿಯ ಔಷಧ ನಿಮ್ಮ ಬ್ಯಾಗಿನಲ್ಲಿ ಯಾಕಿದೆ? ನಿಜವಾಗಿ ಬೇಕಿದ್ದವರು ತರಬಾರದೆಂದಿಲ್ಲ. ಹೊರಡುವ ಮುಂಚೆಯೇ ಆಯಾ ದೇಶದ ಆರೋಗ್ಯ ಇಲಾಖೆಯ ಅನುಮತಿ ಕೇಳಬೇಕು. ಎಮಿರೇಟ್ಸ್‌ನಲ್ಲಿ ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು. ನಿಮ್ಮ ಹೆಸರಿನ ಚೀಟಿ, ವೈದ್ಯರ ಪತ್ರ, ಅಂಗಡಿಯ ಪೊಟ್ಟಣ ಇದ್ದ ಹಾಗೇ ಇರಬೇಕು. ಬ್ರ್ಯಾಂಡ್ ಹೆಸರು ಇಲ್ಲಿನವರಿಗೆ ಅರ್ಥವಾಗುವುದಿಲ್ಲ, ಚೀಟಿಯಲ್ಲಿ ಔಷಧದ ಮೂಲ ಹೆಸರು ಬರೆಸಿ. ನೆರೆಮನೆಯವರು ‘ಮಗನಿಗೆ ಸ್ವಲ್ಪ ಮಾತ್ರೆ ಕಳಿಸಬೇಕಿತ್ತು’ ಎಂದು ಕಟ್ಟಿಕೊಟ್ಟದ್ದನ್ನು ಉಪ್ಪಿನಕಾಯಿಯ ಜೊತೆ ತಂದುಬಿಡುವ ನಮ್ಮ ಒಳ್ಳೆಯತನವಿದೆಯಲ್ಲ, ಅದನ್ನು ಮಾತ್ರೆಯ ವಿಷಯದಲ್ಲಿ ಬಿಡಬೇಕು. ಉಪ್ಪಿನಕಾಯಿ ತನ್ನಿ.

ಜ್ವರದ ಎಚ್ ಒನ್ ಬಗ್ಗೆ ಹೆಚ್ಚು ಹೇಳುವುದಿಲ್ಲ, 2009ರಲ್ಲಿ ಟಿ.ವಿ.ಯವರು ಸಾಕಷ್ಟು ಹೇಳಿದ್ದಾರೆ. ಅಲ್ಲಿ ಎಚ್ ಎಂದರೆ ಹೀಮಗ್ಲುಟಿನಿನ್, ಎನ್ ಎಂದರೆ ನ್ಯೂರಮಿನಿಡೇಸ್. ಫ್ಲೂ ವೈರಸ್ಸಿನ ಹೊರಮೈ ಮೇಲಿನ ಎರಡು ಪ್ರೋಟೀನುಗಳು. ಮೊದಲನೆಯದು ಜೀವಕೋಶಕ್ಕೆ ಅಂಟಿಕೊಳ್ಳಲು, ಎರಡನೆಯದು ಬಿಡಿಸಿಕೊಂಡು ಹೊರಬರಲು. ಎಚ್‌ನಲ್ಲಿ 18 ಬಗೆ, ಎನ್‌ನಲ್ಲಿ 11 ಬಗೆ ಎಣಿಸಿದ್ದಾರೆ. ಆ ವರ್ಷ ಜೂನ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಜಗತ್ತಿನ ಮಹಾಮಾರಿ ಎಂದು ಸಾರಿತು. ಇದೂ ಆ ಅಣ್ಣನ ಊರಿನ ಮಗ್ಗುಲಿಗೇ ಬಂತು: ರಾಲಿಯ ಹತ್ತಿರದ ಹಾಲಿ ಸ್ಪ್ರಿಂಗ್ಸ್‌ನಲ್ಲಿ, ಕೋಳಿಮೊಟ್ಟೆಯ ಬದಲು ಜೀವಕೋಶಗಳಲ್ಲಿ ಫ್ಲೂ ಲಸಿಕೆ ಬೆಳೆಸುವ ಅಮೆರಿಕದ ಮೊದಲ ಕಾರ್ಖಾನೆ 2009ರ ನವೆಂಬರಿನಲ್ಲೇ ಉದ್ಘಾಟನೆಯಾಯಿತು. ಮಗನಿಗೆ ಒಂದು ಎಚ್ ಒನ್ ಬಂದ ಹೊತ್ತಿಗೆ ಪಕ್ಕದ ಊರಿನಲ್ಲಿ ಇನ್ನೊಂದಕ್ಕೆ ಲಸಿಕೆಯ ಕಾರ್ಖಾನೆ!

ಉಳಿದದ್ದು ವೀಸಾದ ಎಚ್ ಒನ್. ಇದನ್ನು ಗಲ್ಫಿನವರು ಓದಬೇಕಾದದ್ದೇ, ಯಾಕೆಂದರೆ ನಮ್ಮಲ್ಲಿ ಅನೇಕರಿಗೆ ಅಮೆರಿಕಕ್ಕೆ ಹೋದವರೆಲ್ಲ ಗೆದ್ದವರು, ನಾವು ಮಾತ್ರ ಕಫೀಲನ ಕೈಯಲ್ಲಿರುವವರು ಎಂಬ ಭಾವನೆ ಇದೆ. 1952ರ ಅಮೆರಿಕದ ವಲಸೆ ಕಾಯ್ದೆಯ ಒಂದು ಕಲಮಿನಲ್ಲಿ, ಅಲ್ಲಿ ತಾತ್ಕಾಲಿಕವಾಗಿ ಬರುವವರನ್ನು ಎ, ಬಿ, ಸಿ ಎಂದು ಪಟ್ಟಿ ಮಾಡಿದ್ದಾರೆ. ಎ ರಾಯಭಾರಿಗಳು, ಬಿ ಪ್ರವಾಸಿಗರು, ಡಿ ಹಡಗು-ವಿಮಾನದ ಸಿಬ್ಬಂದಿ, ಎಫ್ ವಿದ್ಯಾರ್ಥಿಗಳು. ಎಂಟನೆಯ ಅಕ್ಷರ ತಾತ್ಕಾಲಿಕ ಕೆಲಸಗಾರರ ಪಾಲಿಗೆ ಬಂತು. ನಮ್ಮ ಷೆಡ್ಯೂಲ್ ಎಚ್‌ನ ಕಥೆಯೇ. ಸರದಿಯಲ್ಲಿ ನಿಂತ ಅಕ್ಷರ. ಆ ಎಚ್‌ನ ಮೊದಲ ಉಪಕಲಮಿನ ಬಿ ಭಾಗ, ಅದೇ ಎಚ್-1ಬಿ. ಒಂದು ಕಾಲಕ್ಕೆ ಎಚ್-1ಎ ಕೂಡ ಇತ್ತು, ನರ್ಸುಗಳಿಗೆಂದೇ. 1995ರಲ್ಲಿ ಅದು ಮುಗಿಯಿತು. ಎ ಹೋಗಿ ಬಿ ಮಾತ್ರ ಉಳಿದು, ಕೊನೆಗೆ ಬಿ ಯನ್ನೂ ನುಂಗಿ ‘ಎಚ್ ಒನ್’ ಎಂದೇ ಬಾಯಿಮಾತಾಯಿತು. ಎಚ್-4 ಎಂದರೆ ಹೆಂಡತಿ ಅಥವಾ ಗಂಡ, ಮಕ್ಕಳು.

ವರ್ಷಕ್ಕೆ 65,000, ಅಮೆರಿಕದಲ್ಲೇ ಮಾಸ್ಟರ್ಸ್ ಓದಿದವರಿಗೆ ಇನ್ನೂ 20,000. ಕೇಳುವವರು ಅದಕ್ಕಿಂತ ಹೆಚ್ಚಿದ್ದರೆ ಲಾಟರಿ. ಮೂರು ವರ್ಷ, ಮತ್ತೆ ಮೂರು ವರ್ಷ. ಅರ್ಜಿ ಹಾಕುವುದು ಕಂಪನಿ, ವ್ಯಕ್ತಿಯಲ್ಲ. ಕೆಲಸ ಹೋದರೆ 60 ದಿನಗಳೊಳಗೆ ಬೇರೆ ಕಂಪನಿ ಹುಡುಕಬೇಕು, ಇಲ್ಲವೇ ದಾರಿ ನೋಡಿಕೊಳ್ಳಬೇಕು. ಕಫೀಲ ಎಂಬ ಪದ ಅಲ್ಲಿಲ್ಲ ಅಷ್ಟೆ. 2025ರ ಸೆಪ್ಟೆಂಬರಿನಲ್ಲಿ ಹೊಸ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಎಂಬ ಘೋಷಣೆ ಬಂದ ವಾರ ಊರಿನ ಎಷ್ಟು ಮನೆಗಳಲ್ಲಿ ನಿದ್ದೆ ಇರಲಿಲ್ಲವೋ! ಗ್ರೀನ್ ಕಾರ್ಡಿನಲ್ಲಿ ಒಂದೊಂದು ದೇಶಕ್ಕೂ ಶೇಕಡಾ 7ರ ಮಿತಿ ಇದೆ. ಭಾರತದವರ ಸಾಲು ಅಷ್ಟು ಉದ್ದ, ಅರ್ಜಿ ಒಪ್ಪಿಗೆಯಾದವರೂ ಎಚ್ ಒನ್ ಮುಂದುವರಿಸಿಕೊಂಡು ಕಾಯುತ್ತಿದ್ದಾರೆ. ಅಲ್ಲೇ ಬೆಳೆದ ಮಗುವಿಗೆ 21 ತುಂಬಿದರೆ ಅಪ್ಪನ ಅರ್ಜಿಯಿಂದ ಹೊರಗೆ.

ಆ ಅಣ್ಣನೂ ಆ ಸಾಲಿನಲ್ಲೇ ಇದ್ದಾನೆ. 2009ರಲ್ಲಿ ತಾಯಿ ಅತ್ತ ಎಚ್ ಒನ್ ಇಂದಿಗೂ ಮುಗಿದಿಲ್ಲ. ಪಾರ್ಕಿನ ಪಕ್ಕದ ಕ್ಯಾರಿಯಲ್ಲಿ ಮನೆ, ಹತ್ತಿರದಲ್ಲೇ ವೆಂಕಟೇಶ್ವರನ ದೇವಸ್ಥಾನ, ಪರದೇಶ ಎನ್ನಿಸದಷ್ಟು ನಮ್ಮವರು. ಆದರೂ ಪ್ರತಿ ಸಲ ಊರಿಗೆ ಹೊರಡುವಾಗ ವಾಪಸ್ ಬರುವ ಮುದ್ರೆ ಸಿಗುತ್ತದೋ ಇಲ್ಲವೋ ಎಂಬ ಲೆಕ್ಕ. ತಂದೆಯ ಆಪರೇಷನ್ನಿಗೆ ಬರಲಾಗಲಿಲ್ಲ. ಬಂದವನು ಗಲ್ಫಿನ ತಮ್ಮ. ಎಮರ್ಜೆನ್ಸಿ ಲೀವ್ ಹಾಕಿ, ಟಿಕೆಟ್ಟಿಗೆ ಸಾಲ ಮಾಡಿ ಬಂದ. ಆಸ್ಪತ್ರೆಯಲ್ಲಿ ಹನ್ನೆರಡು ದಿನ ಕೂತ. ವಾಪಸ್ ಹೊರಡುವಾಗ ಪೆಟ್ಟಿಗೆಗೆ ಬಿದ್ದದ್ದೇ ಆ ಸ್ಟ್ರಿಪ್.

ಕುವೈತ್‌ನ ಗೆಳೆಯರು ‘ನಿಂದು ಹದಿನೆಂಟಾ, ಇಪ್ಪತ್ತಾ?’ ಎಂದು ಕೇಳಿಕೊಳ್ಳುವುದನ್ನು ಕೇಳಿದ್ದೇವೆ. ಹದಿನೆಂಟು ಎಂದರೆ ಕಂಪನಿಯ ವೀಸಾ, ಇಪ್ಪತ್ತು ಎಂದರೆ ಮನೆಗೆಲಸದ್ದು. ಕೇಳಿದವನು ಸಂಬಳ, ಕೆಲಸ, ಹೆಂಡತಿಯನ್ನು ಕರೆಸಬಹುದೋ ಇಲ್ಲವೋ ಎಲ್ಲವನ್ನೂ ಆ ಒಂದು ಅಂಕಿಯಲ್ಲಿ ತಿಳಿದುಕೊಂಡುಬಿಡುತ್ತಾನೆ. ಕ್ಯಾರಿಯ ಪಾರ್ಟಿಗಳಲ್ಲಿ ‘ಇನ್ನೂ ಎಚ್ ಒನ್ನಾ?’ ಎಂದು ಕೇಳುವುದೂ ಹೀಗೇ ಇದ್ದೀತು.

ಕಿಟಕಿಯ ಕಥೆ ಮುಗಿಸಿಬಿಡುತ್ತೇವೆ. ವೈದ್ಯರಿಗೆ ಹೇಳಿ ಆತನನ್ನು ಸಂಜೆಯವರೆಗೆ ವಾರ್ಡಿನಲ್ಲಿ ಇರಿಸಿಕೊಂಡರು, ಸೈಟಿಗೆ ಎರಡು ದಿನ ರಜೆ ಬರೆದರು. ಸ್ಟ್ರಿಪ್ಪನ್ನು ಆತನ ಕೈಗೆ ಮರಳಿ ಕೊಡಲಿಲ್ಲ. ನಮ್ಮ ಹಿರಿಯ ಫಾರ್ಮಸಿಸ್ಟರಿಗೆ ಒಪ್ಪಿಸಿದೆವು, ಅವರು ನಿಯಮದಂತೆ ಏನು ಮಾಡಬೇಕೋ ಮಾಡಿದರು. ತುರಿಕೆಗೆ ಲೊರಾಟಡಿನ್ ಹತ್ತು ಮಾತ್ರೆ ಕೊಟ್ಟೆವು. ಆತ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ‘ಇದರ ಮೇಲೆ ಎಚ್ ಒನ್ ಎಂದು ಎಲ್ಲೂ ಬರೆದೇ ಇಲ್ಲವಲ್ಲ?’ ಎಂದ. ಇಲ್ಲ, ಬರೆಯುವುದಿಲ್ಲ ಎಂದೆವು. ಅಲ್ಲೇ ನಿಂತು ಅಣ್ಣನಿಗೆ ಫೋನ್ ಮಾಡಿದ. ಅಲ್ಲಿ ಬೆಳಗಿನ ಜಾವ ಇರಬೇಕು, ಎತ್ತಿದವನ ದನಿ ಗಾಬರಿಯದು. ‘ಏನಿಲ್ಲ ಮಾರಾಯ, ಇನ್ನು ಮುಂದೆ ಮಾತ್ರೆಯ ಪೂರ್ತಿ ಹೆಸರು ಬರೆ’ ಎಂದ ತಮ್ಮ.

ಕಳೆದ ತಿಂಗಳು ಬ್ಲಡ್ ಪ್ರೆಶರ್ ತೋರಿಸಲು ಬಂದಾಗ ಆತ ಹೇಳಿದ: ತಾಯಿಗೆ ಈಗ ಫೋನಿನಲ್ಲಿ ಎಚ್ ಒನ್ ಎಂದರೆ ಸಾಕು, ‘ಯಾವುದು, ಜ್ವರದ್ದಾ, ವೀಸಾದ್ದಾ, ಅಪ್ಪನ ಬೆನ್ನಿನದ್ದಾ?’ ಎಂದು ಕೇಳುತ್ತಾರಂತೆ.